ಬೆಟ್ಟಯ್ಯನವರ ಮೂರು ಬಣ್ಣ, ಭಾಗ್ಯಮ್ಮನವರ ಒಂದು

ನಜರ್‌ಬಾದಿನ ಬೆಟ್ಟಯ್ಯನವರಿಗೆ ಅರವತ್ತಮೂರು. ಪಂಚಾಂಗ ಓದಲು ಕನ್ನಡಕ ಬೇಕು, ರಸ್ತೆ ದಾಟಲು ಹೆಂಡತಿ ಭಾಗ್ಯಮ್ಮ ಬೇಕು. ಆದರೆ ಚಿತ್ರವೊಂದರಲ್ಲಿ ಬಣ್ಣ ತನ್ನ ಜಾಗ ಬಿಟ್ಟು ಕೂದಲೆಳೆಯಷ್ಟು ಸರಿದಿದ್ದರೆ ಮಾತ್ರ ಅದು ಅವರಿಗೆ ಬರಿಗಣ್ಣಿನಲ್ಲಿ, ಕೋಣೆಯ ಆಚೆ ತುದಿಯಿಂದಲೇ ಕಾಣುತ್ತದೆ. ಪತ್ರಿಕೆಯಲ್ಲಿ ನಟಿಯೊಬ್ಬಳ ತುಟಿಯ ಕೆಂಪು ಗಲ್ಲದ ಮೇಲೆ ಬಿದ್ದ ದಿನ ಅವರು ತಿಂಡಿ ಮುಟ್ಟಲಿಲ್ಲ. ಎದುರುಮನೆ ಗೇಟಿನ ಸ್ಟಿಕ್ಕರ್ ಗಣಪತಿಗೆ ಸೊಂಡಿಲ ಗೆರೆ ಒಂದು ಕಡೆ, ಬಣ್ಣ ಒಂದು ಕಡೆ ಇದೆಯೆಂದು ಮೂರು ವರ್ಷದಿಂದ ಆ ದಿಕ್ಕಿಗೆ ಕೈಮುಗಿದಿಲ್ಲ.

ಮೂವತ್ತನಾಲ್ಕು ವರ್ಷ ಅವರು ಅಚ್ಚುಕೂಟವೊಂದರಲ್ಲಿ ಮೆಷಿನ್‌ಮ್ಯಾನ್ ಆಗಿದ್ದರು. ಅಚ್ಚುಕೂಟ ಮುಚ್ಚಿ ಯಂತ್ರಗಳು ಗುಜರಿಗೆ ಹೋದ ದಿನ, ಅಲ್ಲಿನ ಹಿರಿಯ ಮೂಗಯ್ಯ ತನ್ನ ತೇಗದ ಹಲಗೆಯನ್ನು ಇವರ ಕೈಗಿಟ್ಟ. ಹಲಗೆಯ ಎರಡು ಬದಿಗೆ, ಕಾಗದದ ಅರ್ಧಕ್ಕೆ ಬರುವಷ್ಟು ಉದ್ದದ ಮರದ ಪಟ್ಟಿ ಬಡಿದು ಮಾಡಿದ ಒಂದು ಮೂಲೆ, ಅಷ್ಟೆ. ಕೆತ್ತಿದ ಅಚ್ಚನ್ನು ಹಲಗೆಯ ಮೇಲೆ ಕೂರಿಸಿ, ಪ್ರತಿ ಸಲವೂ ಕಾಗದವನ್ನು ಆ ಮೂಲೆಗೇ ಒತ್ತಿ ಹಾಸಿದರೆ, ಎಷ್ಟು ಬಣ್ಣ ಹಾಕಿದರೂ ಒಂದೊಂದೂ ತನ್ನ ಜಾಗದಲ್ಲೇ ಬೀಳುತ್ತದೆ. "ಕಾಗದ ಮೂಲೆಗೆ ಶರಣಾಗ್ಬೇಕು ಕಣೋ, ಮೂಲೆ ಕಾಗದಕ್ಕಲ್ಲ" ಎಂದಿದ್ದ ಮೂಗಯ್ಯ. ಬೆಟ್ಟಯ್ಯನವರು ಹಿತ್ತಿಲ ಜಗುಲಿಯಲ್ಲಿ ಹಲಗೆ ಇಟ್ಟುಕೊಂಡು, ನೆಲಕ್ಕೆ ಹಾಸುವ ಲಿನೋಲಿಯಂನ ತುಂಡಿನಲ್ಲಿ ಚಿತ್ರ ಕೆತ್ತಿ, ಶಾಯಿ ಸವರಿ, ಕಾಗದದ ಬೆನ್ನನ್ನು ಸೌಟಿನಿಂದ ಉಜ್ಜಿ ಅಚ್ಚು ತೆಗೆಯತೊಡಗಿದರು. ಅಂದಿನಿಂದ ಆ ಮನೆಯಲ್ಲಿ ಸಾರು ಬಡಿಸುವುದು ಲೋಟದಲ್ಲಿ.

ಈ ಬೇಸಿಗೆಯಲ್ಲಿ ಮಗಳು ಹೇಮಶ್ರೀಗೆ ಮದುವೆ ಗೊತ್ತಾಯಿತು. ಬೀಗರಾಗಲಿರುವ ವಿಜಯ್‌ಕುಮಾರ್ ಆಫ್‌ಸೆಟ್ ಪ್ರೆಸ್ಸಿನ ಮಾಲೀಕರು.

"ಲಗ್ನಪತ್ರಿಕೆ ಚಿಂತೆ ನಂಗೆ ಬಿಡಿ ಬೀಗ್ರೇ. ಬೆಳಿಗ್ಗೆ ಕೊಟ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಸಾವಿರ ಬಿದ್ದಿರುತ್ತೆ."

"ನಮ್ಮ ಕಡೇದು ನಾನೇ ಮಾಡ್ತೀನಿ. ಕೈಯಲ್ಲಿ. ಮೂರು ಬಣ್ಣ."

"ಕೈಯಲ್ಲಾ?" ವಿಜಯ್‌ಕುಮಾರ್ ಜೇಬಿನಲ್ಲಿ ಸದಾ ಇರುವ ಪುಟ್ಟ ಭೂತಗನ್ನಡಿಯನ್ನು ಸವರಿಕೊಂಡರು. "ಮಾಡಿ, ಮಾಡಿ. ಮೊದಲನೇ ಪತ್ರಿಕೆ ಬೆಟ್ಟದ ತಾಯಿ ಮುಂದೆ ಇಡಕ್ಕೆ ಎಲ್ಲಾ ಒಟ್ಟಿಗೆ ಹೋಗ್ತೀವಲ್ಲ, ಅವತ್ತು ಒಂದ್ಸಲ ಕಣ್ಣಾಡಿಸ್ತೀನಿ. ಬಣ್ಣ ಜರುಗಿದ್ರೆ ನಮ್ಮ ಮೆಷಿನ್ ಇದ್ದೇ ಇದೆ."

ಅಲ್ಲಿಗೆ ಅದು ಲಗ್ನಪತ್ರಿಕೆಯ ಮಾತಾಗಿ ಉಳಿಯಲಿಲ್ಲ.

ಬೇಕಾದದ್ದು ನೂರ ನಲವತ್ತು. ಕೆಟ್ಟರೆ ಇರಲಿ ಎಂದು ಹನ್ನೆರಡು ಹೆಚ್ಚು. ಚಿತ್ರ, ಮಾವಿನ ತೋರಣದ ಕೆಳಗೊಂದು ಗಿಳಿ. ಮೊದಲು ಅಂಚಿನವರೆಗೂ ಹಳದಿ ಹಾಸು, ಅದರಲ್ಲಿ ಕೊಕ್ಕಿನ ಜಾಗ ಮಾತ್ರ ಬಿಳಿ. ಆ ಬಿಳಿಯೊಳಗೆ ಕೆಂಪು ಕೊಕ್ಕು. ಕೊನೆಗೆ ಹಸಿರು. ಸೋಮವಾರ ಹಳದಿ ಮುಗಿದು ಹಾಳೆಗಳೆಲ್ಲ ಹಿತ್ತಿಲ ಹಗ್ಗದ ಮೇಲೆ ತೂಗಾಡಿದವು. ಮನೆಯವರ ಬಟ್ಟೆಗಳು ಪಕ್ಕದ ಶಾಂತಾದೇವಿಯವರ ತಾರಸಿಗೆ ಹೋದವು.

ಶನಿವಾರ ಬೆಳಿಗ್ಗೆ ಕೆಂಪಿನ ಸರದಿ. ಮೊದಲ ಹಾಳೆ ಎತ್ತಿ ನೋಡಿದರೆ ಕೊಕ್ಕು ಪಕ್ಕಕ್ಕೆ ಸರಿದಿತ್ತು. ಮುಖ ಬರಬೇಕಾದ ಜಾಗಕ್ಕೂ ಅದಕ್ಕೂ ನಡುವೆ ಬಿಳಿ ಸಂದು.

"ಅಪ್ಪಾ, ಗಿಳಿಗೆ ಹಲ್ಲುಸೆಟ್ಟು ಕಳಚಿದಂಗಿದೆ" ಎಂದಳು ಹೇಮಶ್ರೀ.

ಬೆಟ್ಟಯ್ಯನವರು ಅಚ್ಚನ್ನು ನೂಲಿನಷ್ಟು ಎಡಕ್ಕೆ ಸರಿಸಿದರು. ಎರಡನೆಯದರಲ್ಲಿ ಕೊಕ್ಕು ಕಣ್ಣು ಬರಬೇಕಾದ ಕಡೆಗೆ ಹೋಯಿತು. ಕೆಳಕ್ಕೆ ಸರಿಸಿದರು, ಮೂರನೆಯದರಲ್ಲಿ ಮೀಸೆಯಾಯಿತು. ಬಿಸಿಲಿಗೆ ಲಿನೋ ಹಿಗ್ಗಿದೆ ಎಂದರು. ಸೌಟು ಬದಲಾಯಿಸಿದರು. ಆರನೆಯದಕ್ಕೆ, ಪಕ್ಕದ ಮನೆಯ ಮಿಕ್ಸಿಯಿಂದ ಹಲಗೆ ಅದುರುತ್ತಿದೆ ಎಂದು ಗೊತ್ತಾಯಿತು. ಹೇಮಶ್ರೀ ಹೋಗಿ ಕೇಳಿಕೊಂಡಳು. ಶಾಂತಾದೇವಿ ಚಟ್ನಿ ಅರ್ಧಕ್ಕೆ ನಿಲ್ಲಿಸಿ ಕಾಂಪೌಂಡಿನ ಮೇಲಿಂದ ಇಣುಕಿದರು. "ಎಷ್ಟೊತ್ತು ಕಣ್ರೀ? ದೋಸೆ ಆರೋಗ್ತಿದೆ!"

ದೋಸೆ ಆರಿತು, ಕೊಕ್ಕು ಕೂರಲಿಲ್ಲ. ಹನ್ನೊಂದು ಹಾಳೆ ಕೆಟ್ಟವು. ಹೆಚ್ಚಿಗೆ ಇಟ್ಟ ಹನ್ನೆರಡರಲ್ಲಿ ಉಳಿದದ್ದು ಒಂದೇ. ಬೇರೆ ಕಾಗದ ತರಿಸೋಣವೆಂದರೆ, ಕೈಕಾಗದ ಮಾಡಿಕೊಡುವವನು ತಿಂಗಳಿಲ್ಲದೆ ಕೊಡುವವನಲ್ಲ.

ಅಚ್ಚನ್ನು ಪೆನ್ಸಿಲ್ ಗುರುತಿನ ಹಳೆಯ ಜಾಗಕ್ಕೇ ಕೂರಿಸಿ, ಹನ್ನೆರಡನೆಯ ಹಾಳೆ ಹಿಡಿದು ಬೆಟ್ಟಯ್ಯನವರು ಸುಮ್ಮನೆ ಕೂತರು. ಹೆಬ್ಬೆರಳು ತಾನಾಗಿ ಅಂಚಿನ ಮೇಲೆ ಓಡಾಡುತ್ತಿತ್ತು. ಮೂಲೆಗೆ ಬಂದಾಗ ಉಗುರಿಗೆ ಏನೋ ತಡೆಯಿತು. ಕೆರೆದರೆ ಪುಡಿ. ಮೂಗಿನ ಹತ್ತಿರ ಹಿಡಿದರು.

"ಭಾಗ್ಯಾ!"

"ಏನ್ರೀ?" ಭಾಗ್ಯಮ್ಮ ಒಳಗಿನಿಂದ ಬಂದರು.

"ಈ ಮೂಲೆಗೇನು ಮಾಡ್ದೆ?"

"ಅರಿಶಿನ ಹಚ್ದೆ. ಲಗ್ನಪತ್ರಿಕೆಗೆ ಇನ್ನೇನು ಹಚ್ತಾರೆ, ವಿಭೂತೀನಾ?"

"ಯಾವಾಗ?"

"ನಿನ್ನೆ. ನೀವು ಶಾಯಿ ಒರೆಸೋ ಚಿಂದಿ ತರಕ್ಕೋಗಿದ್ರಲ್ಲ. ಶುಕ್ರವಾರ, ರಾಹುಕಾಲಕ್ಕೆ ಮುಂಚೆ ಒಳ್ಳೆ ಗಳಿಗೆ. ನಿಮ್ಮ ಮೂರು ಬಣ್ಣ ಮುಗಿಯೋಗಂಟ ಅದು ಕಾಯ್ತದಾ?"

"ಎಷ್ಟಕ್ಕೆ ಹಚ್ದೆ?"

"ಎಲ್ಲಾದಕ್ಕೂ. ನಾಕು ಮೂಲೆಗೂ. ಮೊದಮೊದಲು ಗಟ್ಟಿಯಾಗಿತ್ತು, ಆಮೇಲೆ ನೀರು ಹಾಕ್ಕೊಂಡೆ."

ಬೆಟ್ಟಯ್ಯನವರಿಗೆ ಲೆಕ್ಕ ಸಿಕ್ಕಿತು. ಒಣಗಿದ ಅರಿಶಿನ ಕಾಗದವನ್ನು ಹಲಗೆಯ ಮೂಲೆಯಿಂದ ಆಚೆ ತಳ್ಳುತ್ತಿದೆ. ಒಂದೊಂದು ಹಾಳೆಯಲ್ಲಿ ಒಂದೊಂದು ದಪ್ಪ, ಒಂದೊಂದಕ್ಕೆ ಒಂದೊಂದು ಓರೆ. ಹಳದಿ ಶಾಯಿಯ ಮೇಲೆ ಹಳದಿ ಅರಿಶಿನ. ಊರಿನ ಓರೆಯೆಲ್ಲ ಕಾಣುವ ಕಣ್ಣಿಗೆ ಅದೊಂದು ಕಂಡಿರಲಿಲ್ಲ. ಆದ್ದರಿಂದ ಪೂರ್ತಿ ಬಯ್ಯುವ ಹಾಗೂ ಇರಲಿಲ್ಲ.

"ಬ್ಲೇಡ್ ಕೊಡು, ಕೆರೆದುಬುಡ್ತೀನಿ."

"ಮಗಳ ಮದುವೆ ಅರಿಶಿನ ಕೆರೀತೀರಾ? ಯಾವ ಬಾಯಲ್ಲಿ ಅಂತೀರಿ ಇದನ್ನ?"

"ಮತ್ತೆ ವಿಜಯ್‌ಕುಮಾರ್ ಮುಂದೆ ಈ ಮೀಸೆ ಗಿಳಿ ಇಡ್ಲಾ?"

ಭಾಗ್ಯಮ್ಮ ಬಗ್ಗಿ ಹಲಗೆ ನೋಡಿದರು. ಅವರು ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುವವರು. "ಅಲ್ರೀ, ಅರಿಶಿನ ತಗಲ್ತಿರೋದು ಹಲಗೆ ಮೂಲೆ ಒಂದಕ್ಕೆ ತಾನೇ? ಅದನ್ನ ಕತ್ತರಿಸಿಬುಡಿ. ಕಾಗದ ಅಕ್ಕಪಕ್ಕದ ಪಟ್ಟಿಗೆ ಆನ್ಕೊಂಡು ಕೂತ್ಕತದೆ. ಕಂಕುಳ ಹತ್ರ ಬಟ್ಟೆ ದಪ್ಪ ಆದ್ರೆ ನಾನು ಕಚ್ಚು ಹಾಕಲ್ವಾ, ಅಂಗೇ."

ಬೆಟ್ಟಯ್ಯನವರು ಹಲಗೆಯ ಮೂಲೆಗೆ ಅಂಗೈ ಅಡ್ಡ ಹಿಡಿದರು. ಉಪಾಯ ಸರಿಯಾಗಿತ್ತು, ಅದೇ ತೊಂದರೆ. "ಮೂಗಯ್ಯನ ಮೂಲೆ ಕಣೆ ಅದು."

"ಮೂಗಯ್ಯನಿಗೆ ಹೆಣ್ಣುಮಕ್ಕಳಿದ್ವಾ?"

"ಇಲ್ಲ."

"ಮತ್ತೆ!"

ಊಟದವರೆಗೂ ಹಲಗೆಯ ಸುತ್ತ ಸುಳಿದರು. ಊಟವಾದ ಮೇಲೆ ಗರಗಸ ತಂದು, ಪಟ್ಟಿಗಳು ಸೇರುವ ಕಡೆ ಒಂದಂಗುಲ ಕೊಯ್ದರು. ಬಿದ್ದ ಹೊಟ್ಟನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಬೀರುವಿನಲ್ಲಿಟ್ಟರು. ಹನ್ನೆರಡನೆಯ ಹಾಳೆಯನ್ನು ಪಟ್ಟಿಗಳಿಗೆ ಆನಿಸಿ, ಕಣ್ಣುಮುಚ್ಚಿ ಉಜ್ಜಿ, ಎತ್ತಿದರು. ಕೊಕ್ಕು ಕೊಕ್ಕಿನ ಜಾಗದಲ್ಲಿತ್ತು.

"ಶಾಂತಾದೇವಿಯವ್ರಿಗೆ ಚಟ್ನಿ ರುಬ್ಕೊಳ್ಳಿ ಅನ್ನು" ಎಂದರು ಮಗಳಿಗೆ.

ಕೆಟ್ಟ ಹನ್ನೊಂದನ್ನು ಸುಟ್ಟುಬಿಡಬೇಕೆಂದಿದ್ದರು. ಅರಿಶಿನ ಹಚ್ಚಿದ್ದನ್ನು ಸುಡುವ ಮಾತು ಆ ಮನೆಯಲ್ಲಿ ನಡೆಯಲಿಲ್ಲ. ಕೊನೆಗೆ ಅವಕ್ಕೂ ಹಸಿರು ಹಾಕಿ, ಕಣ್ಣಿನ ಪೊರೆಯ ಆಪರೇಷನ್ನಿಗೆ ಕಾಯುತ್ತಿದ್ದ ಷಡ್ಡಕ ಕೆಂಪಯ್ಯನವರಿಂದ ಶುರುಮಾಡಿ, ಅವು ಯಾರ್ಯಾರಿಗೆ ಎಂದು ಒಂದು ಪಟ್ಟಿ ಬರೆದಿಟ್ಟರು.

ಮುಂದಿನ ಶುಕ್ರವಾರ ಬೆಳಿಗ್ಗೆ ವಿಜಯ್‌ಕುಮಾರ್ ಬಂದರು. ಕಾಫಿಗೆ ಮೊದಲೇ ಭೂತಗನ್ನಡಿ ತೆಗೆದು ಪತ್ರಿಕೆಗಳ ಕಟ್ಟಿನ ಮೇಲೆ ಬಗ್ಗಿದರು. ಹತ್ತು ನೋಡಿದರು, ಇಪ್ಪತ್ತು ನೋಡಿದರು. ಅಷ್ಟರಲ್ಲಿ ಭಾಗ್ಯಮ್ಮ ಹಣ್ಣು, ಹೂವು, ಮೇಲೊಂದು ಪತ್ರಿಕೆ ಇಟ್ಟ ತಟ್ಟೆ ತಂದು ಮುಂದಿಟ್ಟರು. ತಾಯಿಯ ಹೆಸರು ಹೇಳಿ ಮೊದಲು ಅರಿಶಿನ ಹಚ್ಚಿದ್ದು ಅದಕ್ಕೇ. ಆದ್ದರಿಂದ ಬೆಟ್ಟಕ್ಕೆ ಹೋಗಬೇಕಾದದ್ದೂ ಅದೇ. ಎಲ್ಲಕ್ಕಿಂತ ದಪ್ಪ ಅರಿಶಿನ, ಎಲ್ಲಕ್ಕಿಂತ ಓರೆ ಕೊಕ್ಕು.

ಭೂತಗನ್ನಡಿ ಅದರ ಮೇಲೆ ಬಂದು ನಿಂತಿತು. ಗಾಜು ಬೇಕಾಗಿರಲಿಲ್ಲ.

"ಬೀಗ್ರೇ, ಇದು?"

ಏನಾದರೂ ನೆಪ ಹೇಳಬಹುದಿತ್ತು. ಬೆಟ್ಟಯ್ಯನವರು ಎದ್ದು ಹೋಗಿ ಹಲಗೆ ತಂದು ಮುಂದಿಟ್ಟರು. "ಅರಿಶಿನ ಇದ್ದದ್ದು ನಂಗೆ ಕಾಣ್ಲಿಲ್ಲ. ಹನ್ನೊಂದು ಕೆಡಿಸ್ದೆ. ಆಮೇಲೆ ಮೂಲೆ ಕೊಯ್ದೆ. ಐಡಿಯಾ ನಂದಲ್ಲ."

ವಿಜಯ್‌ಕುಮಾರ್ ಕೊಯ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರೂ ಪ್ರೆಸ್ಸಿನವರೇ. ಭೂತಗನ್ನಡಿ ಜೇಬಿಗೆ ಹೋಯಿತು. "ಸರಿ. ನಮ್ಮ ಮೆಷಿನ್ ಬೇರೆ ಕೆಲಸ ನೋಡ್ಕೊಳ್ಳುತ್ತೆ." ಆದರೂ ಮನಸ್ಸು ತಡೆಯದೆ ಸೇರಿಸಿದರು. "ನಮ್ಮಲ್ಲಾದ್ರೆ ಮೂಲೆ ಅರಿಶಿನಾನೂ ಮೆಷಿನ್ನೇ ಹಾಕಿಬಿಡುತ್ತೆ. ಒಂದು ಚೂರೂ ಆಚೀಚೆ ಆಗಲ್ಲ."

"ಅಂಗಾದ್ರೆ ಮದುವೆಗೆ ಕರೆದೋರು ಯಾರು, ಮೆಷಿನ್ನಾ?" ಎಂದರು ಭಾಗ್ಯಮ್ಮ.

ಕಾಫಿ ಬಂತು. ಕಾರು ಬೆಟ್ಟ ಹತ್ತಿತು. ಸರದಿಯಲ್ಲಿ ನಿಂತಷ್ಟು ಹೊತ್ತೂ ಬೆಟ್ಟಯ್ಯನವರು ಮಲ್ಲಿಗೆಯ ತುಂಡೊಂದನ್ನು ಗಿಳಿಯ ಕೊಕ್ಕಿನ ಮೇಲೆ ಇಡುವುದು, ಭಾಗ್ಯಮ್ಮ ಅದನ್ನು ಪಕ್ಕಕ್ಕೆ ಸರಿಸುವುದು ನಡೆದೇ ಇತ್ತು. ಗರ್ಭಗುಡಿಯ ಹತ್ತಿರ ಬಂದಾಗ ಬೆಟ್ಟಯ್ಯನವರು ಹೂವಿನ ಆಸೆ ಬಿಟ್ಟರು. ಪತ್ರಿಕೆಯನ್ನಾದರೂ ನೇರವಾಗಿ ಇಡೋಣವೆಂದು ಅದರ ಅಂಚನ್ನು ತಟ್ಟೆಯ ಅಂಚಿಗೆ ಒತ್ತಿ ಕೂರಿಸಲು ನೋಡಿದರು. ಒಂದು ಸಲ ನೋಡಿದರು, ಇನ್ನೊಂದು ಸಲ ನೋಡಿದರು.

"ರೀ, ತಟ್ಟೆ ದುಂಡಗಿದೆ" ಎಂದರು ಭಾಗ್ಯಮ್ಮ. "ಕೊಡಿ ಇತ್ಲಾಗೆ."