ಈಜುಕೊಳದ ನೀರು ಖಾಲಿ ಮಾಡಿಸಿದ ದಿನ

ನಿಮ್ಮ ತಂದೆಯ ಕಥೆಯನ್ನು ಆ ಪುಸ್ತಕದಿಂದ ಕ್ಲಬ್ಬಿನ ಕಮಿಟಿಯವರು ತೆಗೆಯಲಿಲ್ಲ, ವಾರಿಜಕ್ಕ. ನಾನೇ ತೆಗೆದೆ. ಪುಟ ಸಾಲಲಿಲ್ಲವಂತೆ ಎಂದು ನಿಮಗೆ ಹೇಳಿದ್ದು ಸುಳ್ಳು. ಆ ಸುಳ್ಳು ಹೇಳಿದ ಮೇಲೂ ಇಪ್ಪತ್ತು ವರ್ಷ ನಿಮ್ಮ ಫಿಂಟಾಸ್ ಮನೆಗೆ ಬಂದು ಕಾಫಿ ಕುಡಿದು ಹೋಗಿದ್ದೇನೆ.

ಈ ಕೊಲ್ಲಿ ನಾಡಿನಲ್ಲಿ ಎಣ್ಣೆ ಕಂಪನಿಯವರು ಕಟ್ಟಿದ ಅಹ್ಮದಿಯ ಕ್ಲಬ್ಬು, ಅದರ ಸುತ್ತ ಎದ್ದ ಬಂಗಲೆಗಳ ಬಡಾವಣೆ — ಅದರ ಚರಿತ್ರೆ ಬರೆಯುವ ಕೆಲಸ ನನಗೆ ಸಿಕ್ಕಿತ್ತು. ನಾನು ಎಂಜಿನಿಯರ್, ಜೊತೆಗೆ ಬರೆಯುವ ಹುಚ್ಚು. ಮೊದಲಿನ ದಿನಗಳನ್ನು ಕಂಡವರು ಯಾರೂ ಸಿಗದಿದ್ದಾಗ ನೀವೇ ಹೇಳಿದಿರಿ: "ನಮ್ಮ ಅಪ್ಪ ಅಲ್ಲಿ ಮಾಲಿಯಾಗಿದ್ದರು. ನಮ್ಮ ಹತ್ತಿರ ಏನೂ ಹೇಳುವುದಿಲ್ಲ. ನೀವು ಕೇಳಿ ನೋಡಿ."

ನಿಮ್ಮ ತಂದೆ ಸಂಜೀವಣ್ಣ ಮೂರು ಶುಕ್ರವಾರ ಮಾತಾಡಿದರು. ಟ್ಯಾಂಕರಿನ ನೀರನ್ನು ಡಬ್ಬದಲ್ಲಿ ಹೊತ್ತು ಬಂಗಲೆಗಳ ಬೇಲಿಗಿಡ ಬದುಕಿಸಿದ್ದು, ಹುಲ್ಲಿಲ್ಲದ ಗಾಲ್ಫ್ ಮೈದಾನದಲ್ಲಿ ಎಣ್ಣೆ ಬೆರೆಸಿದ ಮರಳನ್ನು ಒತ್ತಿ ಸಮ ಮಾಡಿದ್ದು — ಎಲ್ಲ ಹೇಳಿದರು. ಮೂರನೆಯ ಶುಕ್ರವಾರ ಈಜುಕೊಳದ ಮಾತು ಬಂತು.

ಸಾಹೇಬರೊಬ್ಬರ ನಾಲ್ಕು ವರ್ಷದ ಮಗಳು ಕೊಳಕ್ಕೆ ಬಿದ್ದಳು. ಉಳ್ಳಾಲದ ಕಡಲಲ್ಲಿ ಈಜಿ ಬೆಳೆದ ನಿಮ್ಮ ತಂದೆ ಗಿಡ ಕತ್ತರಿಸುವ ಕತ್ತರಿ ಎಸೆದು ಹಾರಿದರು. ಮಗು ಬದುಕಿತು. ತಾಯಿ ಅವರ ಕೈ ಹಿಡಿದು ಅತ್ತಳಂತೆ. ಮರುದಿನ ಕೆಲಸಕ್ಕೆ ಹೋದರೆ ಕೊಳ ಖಾಲಿಯಾಗುತ್ತಿತ್ತು. ಆಳು ಇಳಿದ ನೀರಿಗೆ ನಾವು ಇಳಿಯುವುದಿಲ್ಲ ಎಂದು ಕೆಲವರು ಹಟ ಹಿಡಿದಿದ್ದರು. ಕೊಳದ ಗೋಡೆ ಉಜ್ಜಲು ಬ್ರಷ್ ಕೊಟ್ಟದ್ದು ಯಾರಿಗೆ — ನಿಮ್ಮ ತಂದೆಗೇ.

"ಉಜ್ಜಿದೆ ಮಾರಾಯ್ರೆ, ಕೆಲಸ ಬೇಕಿತ್ತಲ್ಲ," ಅಂದರು. "ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬೇಡಿ."

ಬರೆದೆ. ಆಮೇಲೆ ಹೊಡೆದು ಹಾಕಿದೆ. ಯಾರೂ ಒತ್ತಾಯಿಸಲಿಲ್ಲ, ಯಾರೂ ಓದಿರಲೂ ಇಲ್ಲ! ಕ್ಲಬ್ಬಿನ ಸದಸ್ಯತ್ವಕ್ಕೆ ನನ್ನ ಅರ್ಜಿ ಕಮಿಟಿಯ ಮುಂದಿತ್ತು. ಅವರ ಮುಖ ಸಪ್ಪಗಾದೀತೆಂದು ನಾನೇ ಊಹಿಸಿಕೊಂಡು ಹೆದರಿದೆ. ಆ ಜಾಗದಲ್ಲಿ, ಕೊಳದ ಶುಚಿತ್ವಕ್ಕೆ ಮೊದಲಿನಿಂದಲೂ ವಿಶೇಷ ಗಮನ ಕೊಡಲಾಗುತ್ತಿತ್ತು ಎಂದು ಬರೆದೆ. ಮಗುವನ್ನು ಎತ್ತಿ ತಂದ, ಮರುದಿನ ಗೋಡೆ ಉಜ್ಜಿದ ಆ ಕೈ —

ಪುಸ್ತಕ ಕೊಟ್ಟಾಗ ಸಂಜೀವಣ್ಣ ಮೊದಲಿಂದ ಕೊನೆಯವರೆಗೆ ಒಂದೊಂದೇ ಹಾಳೆ ತಿರುಗಿಸಿದರು. ನಿಮ್ಮನ್ನು ಕರೆದು, ನನ್ನ ಹೆಸರು ಎಲ್ಲಾದರೂ ಉಂಟಾ ನೋಡು ಅಂದರು. ನೀವು ಹುಡುಕಿದಿರಿ. ಆಗಲೇ ನಾನು ತಪ್ಪನ್ನು ಕಮಿಟಿಯ ಮೇಲೆ ಹಾಕಿದ್ದು. ನಿಮ್ಮ ತಂದೆ ಬಯ್ಯಲಿಲ್ಲ. "ಕಾಗದ ಒಳ್ಳೆದುಂಟು," ಅಂದರು, ಅಷ್ಟೇ. ಮರುವರ್ಷ ಊರಿಗೆ ಹೋದವರು ಅಲ್ಲೇ ತೀರಿಕೊಂಡರು.

ಈ ವರ್ಷ ಪುಸ್ತಕ ಮತ್ತೆ ಅಚ್ಚಾಗುತ್ತದೆ ಎಂದು ತಿಳಿದು, ಆ ಕಥೆ ಸೇರಿಸಿ ಎನ್ನಲು ಕ್ಲಬ್ಬಿಗೆ ಓಡಿದೆ. ಮೂರು ಸಲ ಹೋದೆ. ಮೊದಲೆರಡು ಸಲ ನಾಳೆ ನೋಡೋಣ ಅಂದರು. ಮೂರನೆಯ ಸಲ ಹೊಸ ಕಾರ್ಯದರ್ಶಿ ಸಾಕ್ಷಿ ಕೇಳಿದರು. ನಿಮ್ಮ ತಂದೆಯ ಮಾತು ಬರೆದುಕೊಂಡ ಟಿಪ್ಪಣಿ ಪುಸ್ತಕವನ್ನು ಮನೆ ಬದಲಿಸುವಾಗ ನಾನೇ ಎಸೆದಿದ್ದೆ. ಕಣ್ಣಾರೆ ಕಂಡವರು ಯಾರೂ ಇಲ್ಲ. ನನ್ನ ಮಾತೇ ಸಾಕ್ಷಿ ಅಂದೆ. ಅವರು ಕೊಳದ ಶುಚಿತ್ವದ ಆ ಪುಟ ತೆರೆದು ಮೇಜಿನ ಮೇಲಿಟ್ಟರು.

"ಭಾಯಿ, ಇದೂ ನಿಮ್ಮದೇ ಮಾತಲ್ಲವೇ? ಯಾವುದನ್ನು ನಂಬಲಿ? ಖಲಾಸ್, ಬಿಡಿ."

ಸಿಟ್ಟು ಬಂತು, ವಾರಿಜಕ್ಕ. ಅವರ ಮೇಲೆ ಸಿಟ್ಟಾಗುವ ಹಕ್ಕೂ ನನಗಿರಲಿಲ್ಲ. ಹೊಸ ಪ್ರತಿಗಳು ಬಂದಿವೆ. ಅದೇ ವಾಕ್ಯ, ಕೆಳಗೆ ಅದೇ ನನ್ನ ಹೆಸರು.

ಮುಂದಿನ ಶುಕ್ರವಾರ ನಮ್ಮ ಕನ್ನಡ ಮಕ್ಕಳಿಗೆ ಅಹ್ಮದಿಯ ಕಥೆ ಹೇಳಲು ಕರೆದಿದ್ದಾರೆ. ಉಳ್ಳಾಲದ ಸಂಜೀವ ಎಂಬ ಮಾಲಿ ನೀರಿಗೆ ಹಾರಿದ್ದರಿಂದ ಶುರು ಮಾಡುತ್ತೇನೆ. ಅದನ್ನು ಮುಚ್ಚಿಟ್ಟವನು ಯಾರೆಂದೂ ಹೇಳುತ್ತೇನೆ. ನಿಮ್ಮನ್ನು ಬನ್ನಿ ಎಂದು ಕರೆಯುವ ಮುಖ ನನಗಿಲ್ಲ. ನಿಮಗೆ ಮೊದಲು ಹೇಳದೆ ಅಲ್ಲಿ ಹೇಳಬಾರದು ಎಂದಷ್ಟೇ ಇದನ್ನು ಬರೆದೆ.