ಹದಿನಾಲ್ಕನೇ ಮೊಲದ ಗೆರೆ

ಹನ್ನೊಂದು ವರ್ಷವಾಯಿತು. ಹೊಸ ಡಾಕ್ಟರು ಅಂದು ಆಡಿದ ಮಾತು ಮೊಲದಣ್ಣನ ಎದೆಯಲ್ಲಿ ಇಂದಿಗೂ ಮುರಿದ ಮುಳ್ಳಿನಂತೆ ಕೂತಿದೆ. ತನ್ನನ್ನು ಬೈದಿದ್ದರೆ ಕೈ ತೊಳೆದುಕೊಂಡು ಊಟಕ್ಕೆ ಹೋಗಿಬಿಡುತ್ತಿದ್ದ. ಅವರು ಬೈದದ್ದು ಮೊಲವನ್ನು.

"ನಿಮ್ಮ ಹದಿನಾಲ್ಕನೇ ಮೊಲ ದಂಡ" ಅಂದಿದ್ದರು, ಅದೂ ಗೂಡಿನ ಮುಂದೆಯೇ ನಿಂತು.

ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಹತ್ತೊಂಬತ್ತಕ್ಕೆ ಗಾಜಿನ ಸೀಸೆ ತೊಳೆಯಲು ಆ ಪ್ರಯೋಗಾಲಯ ಸೇರಿದವನು ಅವನು. ಸೀಸೆ ತೊಳೆಯುವ ತೊಟ್ಟಿಯಿಂದ ಮೊಲದ ಕೋಣೆಗೆ ಬರಲು ಆರು ವರ್ಷ ಹಿಡಿಯಿತು. ಅಲ್ಲಿನ ಕಸುಬು ಆಂಟಿಬಾಡಿ ತಯಾರಿಕೆ. ಒಂದು ಪ್ರೋಟೀನಿನ ಚೂರನ್ನು ಮೊಲಕ್ಕೆ ಚುಚ್ಚಿದರೆ, ಆ ಚೂರಿಗೇ ಅಂಟಿಕೊಳ್ಳುವಂಥದ್ದೊಂದು ಅದರ ರಕ್ತದಲ್ಲಿ ಹುಟ್ಟುತ್ತದೆ. ಸಾವಿರ ಪ್ರೋಟೀನುಗಳ ಸಂತೆಯಲ್ಲಿ ಅದೊಂದನ್ನೇ ಕೊರಳಪಟ್ಟಿ ಹಿಡಿದು ತೋರಿಸುತ್ತದೆ. ಅದೇ ಆಂಟಿಬಾಡಿ.

ಹದಿನಾಲ್ಕನೇ ಮೊಲದ ಪಾಲಿಗೆ ಬಂದದ್ದು ಹಟಮಾರಿ ಪ್ರೋಟೀನು. ಜೀವಕೋಶದ ಗೋಡೆಯಲ್ಲಿ ಉಪ್ಪಿನ ಅಯಾನುಗಳು ಹೋಗಿಬರಲು ಪುಟ್ಟ ಬಾಗಿಲುಗಳಿರುತ್ತವೆ. ಆ ಬಾಗಿಲೇ ಒಂದು ಪ್ರೋಟೀನು. ನರದಲ್ಲಿ ನೋವು ಹೇಗೆ ಓಡುತ್ತದೆಂದು ಹುಡುಕುತ್ತಿದ್ದವರಿಗೆ ಆ ಬಾಗಿಲನ್ನು ಗುರುತಿಸುವ ಆಂಟಿಬಾಡಿ ಬೇಕಿತ್ತು.

ನಾಲ್ಕು ತಿಂಗಳು ಮೊಲದಣ್ಣ ಆ ಮೊಲವನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ. ರಕ್ತ ತೆಗೆಯುವ ಮುಂಚೆ ಅದರ ಕಿವಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದ. ನರ ತಾನಾಗಿ ಉಬ್ಬುತ್ತಿತ್ತು, ಮೊಲ ಮಿಸುಕುತ್ತಿರಲಿಲ್ಲ. ಹೆಂಡತಿ ಹಂಗಿಸುತ್ತಿದ್ದಳು: "ಮನೇಲಿ ಹಾಲು ಉಕ್ಕಿ ಒಲೆ ಆರಿದ್ರೂ ತಲೆ ಎತ್ತಲ್ಲ. ಅಲ್ಲಿ ಮೊಲ ಸೀನಿದ್ರೆ ಚಪ್ಪಲಿ ಇಲ್ದೇ ಓಡ್ತೀರ."

ಅಂಥ ಮೊಲದ ಸೀರಮ್ಮನ್ನು, ಅಂದರೆ ಆಂಟಿಬಾಡಿ ಇರುವ ರಕ್ತದ ತಿಳಿಯನ್ನು, ಹೊಸ ಡಾಕ್ಟರು ಮೂರು ಸಲ ಪರೀಕ್ಷಿಸಿದರು. ಇವರು ಔಷಧಿ ಬರೆಯುವ ಡಾಕ್ಟರಲ್ಲ, ಸಂಶೋಧನೆ ಮಾಡಿ ಆದ ಡಾಕ್ಟರು. ಮೂರು ಸಲವೂ ಪರೀಕ್ಷೆಯ ಹಾಳೆಯಲ್ಲಿ ಗೆರೆ ಬರಲಿಲ್ಲ. ಪ್ರಯೋಗಾಲಯದ ಯಜಮಾನರು ತೀರ್ಮಾನ ಹೇಳಿಬಿಟ್ಟರು: ಸೀರಮ್ಮು ಚರಂಡಿಗೆ, ಶನಿವಾರ ಮೊಲಕ್ಕೆ ಕೊನೆಯ ಸೂಜಿ.

ಮೊಲದಣ್ಣನ ಪಿತ್ತ ನೆತ್ತಿಗೇರಿತು. ಹುಲ್ಲಿನ ಬುಟ್ಟಿಯನ್ನು ಅಲ್ಲೇ ಕುಕ್ಕಿ, ನೇರ ಪರೀಕ್ಷೆಯ ಕೋಣೆಗೆ ನುಗ್ಗಿದ.

"ಎಲ್ಲಿ ಸಾರ್ ಆ ಹಾಳೆ, ನಾನೂ ನೋಡ್ಬೇಕು."

"ನೋಡಿ ಏನ್ ಮಾಡ್ತೀರ ಮೊಲದಣ್ಣ?"

"ಸತ್ತೋರ ಮುಖ ನೋಡೋಕೆ ಓದಿರಬೇಕಾ?"

ಡಾಕ್ಟರು ಬಿಳಿ ಹಾಳೆಯನ್ನು ಮೇಜಿನ ಮೇಲೆ ಎಸೆದರು. ಅಂಗಾಂಶವನ್ನು ಅರೆದು ಜೆಲ್ಲು ಎಂಬ ಮೆತ್ತನೆಯ ಅಂಟುಹಾಸಿನೊಳಗೆ ಓಡಿಸಿದರೆ ಪ್ರೋಟೀನುಗಳು ತೂಕಕ್ಕೆ ತಕ್ಕಂತೆ ಮೇಲೆ ಕೆಳಗೆ ನಿಲ್ಲುತ್ತವೆ. ಅದರ ಪಡಿಯಚ್ಚನ್ನು ಈ ಹಾಳೆಗೆ ಇಳಿಸಿ ಆಂಟಿಬಾಡಿ ಸುರಿದರೆ, ಅದು ಹಿಡಿಯುವ ಪ್ರೋಟೀನು ಎಲ್ಲಿದೆಯೋ ಅಲ್ಲಿ ಕಪ್ಪು ಗೆರೆ ಮೂಡಬೇಕು. ಇಲ್ಲಿ ಗೆರೆ ಇರಲಿಲ್ಲ ನಿಜ. ಆದರೆ ಹಾಳೆಯ ಮೇಲಂಚಿನಲ್ಲಿ, ಓಟ ಶುರುವಾಗುವ ಬಾಯಲ್ಲೇ, ಕಾಡಿಗೆ ಬಳಿದಂತೆ ಒಂದು ಮಸಿ ಇತ್ತು.

"ಇದೇನು ಸಾರ್?"

"ಕೊಳೆ."

"ಮೂರು ಸಲಾನೂ ಒಂದೇ ಜಾಗದಲ್ಲಿ ಕೊಳೆನಾ? ಮೊಲ ಹಿಡ್ದಿದೆ. ನಿಮ್ಮ ಪ್ರೋಟೀನೇ ಜೆಲ್ಲಿನ ಬಾಯಲ್ಲಿ ಸಿಕ್ಕಾಕ್ಕೊಂಡು ಕೂತಿದೆ. ಜೆಲ್ಲಿಗೆ ಹಾಕೋ ಮುಂಚೆ ಕುದಿಸಿದ್ರಾ?"

"ಎಲ್ಲದನ್ನೂ ಐದು ನಿಮಿಷ ಕುದಿಸ್ತೀವಿ. ಕ್ರಮದ ಹಾಳೇಲಿ ಹಾಗೇ ಬರೆದಿದೆ."

"ಬರೆದೋರು ಮೊಟ್ಟೆ ಬೇಯಿಸಿ ನೋಡಿಲ್ವಾ?"

ಆ ಮಾತು ಅವನ ಸ್ವಂತದ್ದಲ್ಲ. ಸೀಸೆ ತೊಳೆಯುತ್ತಿದ್ದ ಕಾಲದಲ್ಲಿ ಪರೀಕ್ಷೆಯ ಮೇಜಿನ ಕೆಲಸಕ್ಕೆ ಕನ್ನಡಕದಕ್ಕ ಎಂಬವರಿದ್ದರು. ಅವನ ಕೈ ನಡುಗದ್ದನ್ನು ನೋಡಿ, ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದವರು ಅವರೇ. "ಗೋಡೆಯಲ್ಲಿ ಹೂತಿರೋ ಪ್ರೋಟೀನನ್ನ ಕುದಿಸ್ಬೇಡ ಕಣೋ. ಮೊಟ್ಟೆ ಥರ ಮುದ್ದೆ ಕಟ್ಟುತ್ತೆ, ಜೆಲ್ಲಿನೊಳಗೆ ಇಳಿಯಲ್ಲ. ಉಗುರುಬೆಚ್ಚಗೆ ಸಾಕು" ಎಂದು ಹೇಳಿದ್ದರು. ನಿವೃತ್ತರಾಗಿ ಮಗಳ ಊರಿಗೆ ಹೋಗಿ ಆಗಲೇ ವರ್ಷ ಕಳೆದಿತ್ತು.

ಯಜಮಾನರು ಗಲಾಟೆ ಕೇಳಿ ಬಂದರು. "ಒಂದು ಸಲ ಅವನೇ ಮಾಡ್ಲಿ ಬಿಡಿ. ಆಗ್ಲಿಲ್ಲ ಅಂದ್ರೆ ಶನಿವಾರ ಶನಿವಾರಾನೇ" ಅಂದರು.

ಮೊಲದಣ್ಣ ಎರಡು ನಳಿಕೆ ತೆಗೆದುಕೊಂಡ. ಒಂದರಲ್ಲಿ ಸಾಮಾನ್ಯ ಇಲಿಯ ನರ, ಇನ್ನೊಂದರಲ್ಲಿ ಆ ಬಾಗಿಲೇ ಇಲ್ಲದೆ ಹುಟ್ಟಿದ ಇಲಿಯ ನರ. ಎರಡನ್ನೂ ಕುದಿಸದೆ, ಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ಇಟ್ಟ. ಮರುದಿನ ಮಧ್ಯಾಹ್ನ ಹಾಳೆ ತೊಳೆದಾಗ ಮೊದಲ ಸಾಲಿನಲ್ಲಿ ಗೆರೆ ಮೂಡಿತು, ಹೊಸ ಪೆನ್ನಿನಲ್ಲಿ ಅಡ್ಡ ಎಳೆದಷ್ಟು ನೇರ. ಎಲ್ಲರೂ ಅದನ್ನೇ ನೋಡುತ್ತಿದ್ದರು. ಅವನ ಕಣ್ಣು ಪಕ್ಕದ ಸಾಲಿನ ಮೇಲಿತ್ತು. ಅಲ್ಲಿ ಏನೂ ಇರಲಿಲ್ಲ, ಹಾಲು ಚೆಲ್ಲಿದಷ್ಟು ಬಿಳುಪು. ಅವನ ಮೊಲ ಹಿಡಿಯಬೇಕಾದ್ದನ್ನು ಹಿಡಿದಿತ್ತು, ಬೇರೆ ಯಾವುದನ್ನೂ ಮುಟ್ಟಿರಲಿಲ್ಲ. ಮಕ್ಕಳು ಹುಟ್ಟಿದಾಗ ಕೂಡ ಅವನ ಎದೆ ಅಷ್ಟು ಉಬ್ಬಿರಲಿಲ್ಲವೆಂದು ಹೆಂಡತಿ ಇಂದಿಗೂ ದೂರುತ್ತಾಳೆ. ಅವನು ಇಲ್ಲವೆನ್ನುವುದಿಲ್ಲ.

ಡಾಕ್ಟರು ಹಾಳೆಯ ಫೋಟೋ ತೆಗೆದುಕೊಂಡು ಹೊರಟರು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ಶನಿವಾರದ ಸೂಜಿ ನಿಂತಿತು. ಆ ಮೊಲ ಇನ್ನೂ ಮೂರು ವರ್ಷ ಸೊಪ್ಪು ತಿಂದುಕೊಂಡು ಬಾಳಿತು. ಅದರ ಆಂಟಿಬಾಡಿ ಸಮುದ್ರ ದಾಟಿ ಎಷ್ಟೋ ಪ್ರಯೋಗಾಲಯ ಸೇರಿದೆ. ಅದನ್ನು ಕಳಿಸುವ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಒಂದೇ ಮಾತು: ಕುದಿಸಬೇಡಿ.

ಅಂದು ಯಜಮಾನರು ಎಲ್ಲರ ಮುಂದೆ ಕೇಳಿದ್ದರು, "ನಿಂಗೆ ಹೇಗೋ ಗೊತ್ತಾಯ್ತು?"

"ಇಷ್ಟು ವರ್ಷದ ಕೈ ಸಾರ್, ಅದೇ ಹೇಳುತ್ತೆ" ಅಂದುಬಿಟ್ಟ ಮೊಲದಣ್ಣ. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿದ ಮೇಲೆ ಕನ್ನಡಕದಕ್ಕನ ಹೆಸರು ಹೇಳಿ ತಿದ್ದಲು ನಾಲಿಗೆ ಏಳಲಿಲ್ಲ.

ಮುಂದಿನ ತಿಂಗಳು ಕನ್ನಡಕದಕ್ಕ ಫೋನ್ ಮಾಡಿ, "ಏನೋ ದೊಡ್ಡ ಕೆಲಸ ಮಾಡಿದೆಯಂತಲ್ಲೋ, ಏನದು?" ಎಂದು ಕೇಳಿದರು.

"ಅಯ್ಯೋ, ಏನಿಲ್ಲ ಅಕ್ಕ. ಬಂದಾಗ ಹೇಳ್ತೀನಿ" ಅಂದ. ಆ ಚೀಟಿಯದೊಂದು ಪ್ರತಿಯನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡ, ಅವರ ಕೈಗೇ ಕೊಡಬೇಕೆಂದು. ಇವತ್ತು ನಾಳೆ ಅನ್ನುತ್ತ ಎರಡು ವರ್ಷ ಹೋಗಲಿಲ್ಲ. ಹೋದ ದಿನ ಅವರ ಮನೆಯ ಬಾಗಿಲಲ್ಲಿ ಮಗಳು ನಿಂತಿದ್ದಳು. "ಅಮ್ಮ ಹೋಗಿ ಹದಿನೇಳು ದಿನ ಆಯ್ತು ಮಾಮ" ಅಂದಳು.