ಸೀಟಿಯ ಹುರಿ

ಜಮಖಂಡಿ ಸಂಸ್ಥಾನದ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಅಲ್ಲೊಬ್ಬ ಇಂಗ್ಲಿಷ್ ಮಾಸ್ತರರಿದ್ದರು. ಕೊಟ್ಟ ಚಹಾವನ್ನೂ ಮೂಸಿ ನೋಡಿಯೇ ಕುಡಿಯುವವರು. ಹೊಸ ಶಬ್ದ ಕಿವಿಗೆ ಬಿದ್ದರೆ, ಗುರುತಿಲ್ಲದವನು ಬಾಗಿಲಿಗೆ ಬಂದಂತೆ ಕನ್ನಡಕದ ಮೇಲಿಂದ ನೋಡಿ, "ಯಾರ ಪೈಕಿ ಇದು?" ಎಂದು ಕೇಳುವರು. ಡಿಕ್ಷನರಿಯಲ್ಲಿ ಅದರ ಮೂಲ ಸಿಗುವವರೆಗೆ ಅದನ್ನು ಬಳಸುತ್ತಿರಲಿಲ್ಲ.

ಒಮ್ಮೆ ಬಿಳಿಯ ಸಾಹೇಬನೊಬ್ಬ ಶಾಲೆ ನೋಡಲು ಬರುವವನಿದ್ದ. ಮಾಸ್ತರರೆಲ್ಲ ಸೀಟಿ ಕಟ್ಟಿದ ಬಿಳಿ ಹುರಿಯನ್ನು ಕೊರಳಿಗೆ ಹಾಕಿಕೊಳ್ಳಬೇಕೆಂದು ಹುಕುಂ ಬಂತು. ಆ ಹುರಿಯ ಹೆಸರು ಲ್ಯಾನ್ಯಾರ್ಡ್. ಮರುದಿನ ಇಂಗ್ಲಿಷ್ ಮಾಸ್ತರರು ಡಿಕ್ಷನರಿ ನೋಡಿ ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಫ್ರಾನ್ಸಿನಾಗ ಇದು ಬರೇ ತೊಗಲಿನ ಪಟ್ಟಿ ಇತ್ತರಿ. ಹಡಗಿನವ್ರು ಹಗ್ಗ ಮಾಡ್ಕೊಂಡ್ರು. ಆಮ್ಯಾಲ ತೋಪಿಗೆ ಕಟ್ಟಿದ್ರು, ಜಗ್ಗಿದ್ರ ಗುಂಡು ಹಾರತಿತ್ತು. ಈಗ ನಮ್ಮ ಕೊರಳಿಗೆ ಬಂದೈತಿ. ಜಗ್ಗಾಂವ ಯಾಂವ?"

ನಾವು ನಕ್ಕು ಹಾಕಿಕೊಂಡೆವು.

ಸಾಹೇಬ ಬಂದ ದಿನ ಅವರು ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಬರಿಗೊರಳಲ್ಲಿ ನಿಂತಿದ್ದರು. ಹುರಿ ಎಲ್ಲಿ ಎಂದು ಸಾಹೇಬ ಕೇಳಿದ್ದಕ್ಕೆ, ಮನೆಯಲ್ಲಿದೆ ಎಂದಷ್ಟೇ ಹೇಳಿದರು. ಅವರ ನೌಕರಿ ಹೋಯಿತೆಂದೇ ನಾನು ತಿಳಿದೆ. ಆದರೆ ಸಾಹೇಬ ಅವರನ್ನು ಬಿಟ್ಟು ನನ್ನತ್ತ ಬಂದ. ಗಂಟು ಗಟ್ಟಿಯಿದೆಯೇ ಎಂದು ನೋಡಲು ನನ್ನ ಹುರಿಯನ್ನು ಮೆಲ್ಲಗೆ ಜಗ್ಗಿದ. ನನ್ನ ಕತ್ತು ತಾನಾಗಿ ಬಾಗಿತು.

ಅವನು ಮುಂದೆ ಹೋದ ಮೇಲೆ ಮಾಸ್ತರರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನೀವು ಯಾರ ಪೈಕಿರೀ?"